ಮೂರು ಗೋಡೆಯ ಬೂದು ಬಣ್ಣ

ಗೋಣಿಬೀಡು
21-3-2025, ಶುಕ್ರವಾರ

ಚಿ. ಸೌ. ಮೇಘಶ್ರೀಗೆ ನಿನ್ನ ಮಾವನ ಆಶೀರ್ವಾದಗಳು.

ನೀನು, ಮಗು ಕವನಾ, ಬೀಗರು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ತಾಯಿಯವರ ಮಂಡಿನೋವು ಈಗ ಹೇಗಿದೆ? ಆ ನೋವಿನ ನೆಪದಲ್ಲಿ ನೀನು ಕಳಸಕ್ಕೆ ಹೋಗಿ ಏಳು ವಾರವಾಗುತ್ತ ಬಂತು. ನೆಪ ಎಂದು ಬರೆದೆನೆಂದು ಬೇಸರ ಮಾಡಿಕೊಳ್ಳಬೇಡ, ನೋವು ನಿಜವೇ ಇರಬಹುದು. ಬಿಸಿ ಎಣ್ಣೆ ಹಚ್ಚಿ, ಮೆಟ್ಟಿಲು ಹತ್ತಿಸಬೇಡ. ಕವನಾ ಅನ್ನ ಸರಿಯಾಗಿ ಉಣ್ಣುತ್ತಾಳೋ, ಅಲ್ಲೂ ಬರೀ ಮಜ್ಜಿಗೆ ಕುಡಿದು ಓಡಾಡುತ್ತಾಳೋ? ಮಾವ ಕಾಗದ ಬರೆದಿದ್ದಾರೆಂದು ನಿಮ್ಮ ಮನೆಯವರೆಲ್ಲ ಗಾಬರಿಯಾಗಬಹುದು. ನಾನು ಕೊನೆಯ ಸಲ ಕಾಗದ ಬರೆದದ್ದು ನಿನ್ನ ಗಂಡ ಶಶಿ ಹಾಸ್ಟೆಲಿನಲ್ಲಿದ್ದಾಗ, ಅದೂ ಬೈದು. ಈಗ ಫೋನಿದೆ ನಿಜ. ಆದರೆ ಶಶಿ ಫೋನು ಕೈಗೆ ಕೊಟ್ಟಾಗಲೆಲ್ಲ ನೀನು ‘ಹೇಳಿ ಮಾವ’ ಅನ್ನುತ್ತೀಯ. ಅಷ್ಟು ಮರ್ಯಾದೆಯಿಂದ ಹೇಳಿ ಅಂದುಬಿಟ್ಟರೆ ಹೇಳಬೇಕಾದ್ದು ಹೊರಗೆ ಬರುವುದಿಲ್ಲ. ಊಟ ಆಯ್ತಾ, ಅಲ್ಲಿ ಮಳೆ ಬಂತಾ ಎಂದು ಕೇಳಿ ಫೋನನ್ನು ನಿನ್ನ ಅತ್ತೆಯ ಕೈಗೆ ದಾಟಿಸುತ್ತೇನೆ. ಕಾಗದ ನನ್ನ ಮಾತಿಗೆ ನಡುವೆ ಹೂಂಗುಟ್ಟುವುದಿಲ್ಲ, ಅದೊಂದು ಅನುಕೂಲ.

ಮೊದಲು ನನ್ನ ಕಣ್ಣಿನ ವಿಚಾರ ಬರೆಯುತ್ತೇನೆ, ಉಳಿದದ್ದೆಲ್ಲ ಅದರಿಂದಲೇ ಹೊರಟಿದ್ದು. ಬಲಗಣ್ಣಿನ ಪೊರೆ ತೆಗೆಸಿ ಇವತ್ತಿಗೆ ಇಪ್ಪತ್ತೈದು ದಿನ. ನೋವಿಲ್ಲ. ದಿನಕ್ಕೆ ನಾಲ್ಕು ಸಲ ಔಷಧಿಯ ಹನಿ ಬಿಡುವ ಕೆಲಸವನ್ನು ನಿನ್ನ ಅತ್ತೆ ವಹಿಸಿಕೊಂಡಿದ್ದಾಳೆ, ಗಡಿಯಾರಕ್ಕಿಂತ ಐದು ನಿಮಿಷ ಮೊದಲೇ ಬಾಟಲಿ ಹಿಡಿದು ಬಂದು ನಿಲ್ಲುತ್ತಾಳೆ. ಬಗ್ಗುವ ಹಾಗಿಲ್ಲ, ತಲೆಗೆ ನೀರು ಹಾಕುವ ಹಾಗಿಲ್ಲ, ತೋಟದ ಕಡೆ ತಲೆ ಹಾಕುವ ಹಾಗಿಲ್ಲ. ಹೂಮಳೆ ಬಂದು ತೋಟ ಪೂರ್ತಿ ಕಾಫಿ ಹೂವಿನಿಂದ ಬೆಳ್ಳಗಾದಾಗಲೂ ಜಗಲಿಯಿಂದಲೇ ನೋಡಿದೆ. ಆಪರೇಷನ್ ಮಾಡಿದ ಡಾಕ್ಟರಮ್ಮ ಚಿಕ್ಕವರು, ಬಲು ನಗುಮುಖ. ಅಜ್ಜಾ, ನೀವು ಎಷ್ಟೋ ವರ್ಷದಿಂದ ಬೆಲ್ಲದ ಪಾಕದೊಳಗಿಂದ ಲೋಕ ನೋಡ್ತಾ ಇದ್ರಿ ಎಂದರು. ಎಡಗಣ್ಣಿನ ಪಾಕ ಹಾಗೇ ಇದೆ. ಅದನ್ನು ಮೇ ತಿಂಗಳಲ್ಲಿ ತೆಗೆಯುತ್ತಾರಂತೆ. ಹೀಗಾಗಿ ಸದ್ಯಕ್ಕೆ ನನ್ನ ಒಂದು ಕಣ್ಣು ಹೊಸದು, ಇನ್ನೊಂದು ಹಳೆಯದು.

ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ಮೊದಲು ಕಂಡದ್ದು ನಿನ್ನ ಅತ್ತೆಯ ತಲೆ. ಇಷ್ಟು ಬೆಳ್ಳಗಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಂದೆ, ಬೈಸಿಕೊಂಡೆ. ಎರಡನೆಯದು ನನ್ನ ಪಂಚೆ. ನಾಲ್ಕೈದು ವರ್ಷದಿಂದ ಪಂಚೆ ಸರಿಯಾಗಿ ಒಗೆಯುವುದಿಲ್ಲ, ಹಳದಿ ಹಿಡಿದಿದೆ ಎಂದು ನಾನು ದಿನಾ ರೇಗುತ್ತಿದ್ದುದು ನಿನಗೆ ಗೊತ್ತಲ್ಲ. ಹಗ್ಗದ ಮೇಲೆ ಸಾಲಾಗಿ ಒಣಗುತ್ತಿದ್ದ ನನ್ನ ಪಂಚೆಗಳೆಲ್ಲ ತಿಳಿ ನೀಲಿಯಾಗಿದ್ದವು! ಇದೇನು ಎಂದು ಕೇಳಿದರೆ ನಿನ್ನ ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತು, ‘ಹಳದಿ ಹಳದಿ ಅಂತ ಪ್ರಾಣ ತಿಂದ್ರಿ. ನೀಲಿ ಅದ್ದಿ ಅದ್ದಿ ನಂಗೂ ಸಾಕಾಯ್ತು. ನೀವು ಬೆಳ್ಳಗಿದೆ ಅನ್ನೋವರ್ಗೂ ಅದ್ದಿದೆ’ ಅಂದಳು. ನಾನು ಅಷ್ಟು ವರ್ಷ ನೀಲಿ ಪಂಚೆ ಉಟ್ಟುಕೊಂಡು ಮದುವೆ ಮುಂಜಿಗಳಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತಿದ್ದೇನೆ. ಒಬ್ಬರೂ ಬಾಯಿ ಬಿಟ್ಟಿಲ್ಲ. ಆವತ್ತು ನಾನೂ ನಕ್ಕೆ. ನಗುತ್ತಲೇ ಕೈಕಾಲು ತೊಳೆಯಲು ಹೊರಟವನು ನಿನ್ನ ರೂಮಿನ ಬಾಗಿಲು ತೆರೆದಿದ್ದುದನ್ನು ನೋಡಿ ಒಳಗೆ ಹೋದೆ.

ಆ ರೂಮಿನ ಕಥೆ ನಿನಗೆ ಹೊಸದಲ್ಲ. ಆದರೂ ನಾನು ಅದನ್ನು ನನ್ನ ಕೈಯಿಂದ ಒಂದು ಸಲ ಬರೆಯಬೇಕು. ಜಗಲಿ ಪಕ್ಕದ ಆ ಆಫೀಸ್ ರೂಮಿನಲ್ಲಿ ನನ್ನ ಅಪ್ಪ ಕೂರುತ್ತಿದ್ದರು, ಆಮೇಲೆ ನಾನು ಕೂತೆ, ಈಚೆಗೆ ಹತ್ತು ವರ್ಷದಿಂದ ಹಳೇ ಸ್ಪ್ರೇಯರೂ ಗೋಣಿಚೀಲಗಳೂ ಕೂತಿದ್ದವು. ನೀನು ಕಾಫಿ ರುಚಿ ನೋಡುವ ತರಬೇತಿ ಮುಗಿಸಿ ಬಂದವಳು ದೀಪಾವಳಿ ಕಳೆದ ಮೇಲೆ ಅದನ್ನು ಕೇಳಿದೆ. ಉತ್ತರದ ಕಿಟಕಿ, ನೇರ ಬಿಸಿಲು ಬೀಳುವುದಿಲ್ಲ, ಬೀಜ ನೋಡಲು ಅದೇ ಸರಿ ಅಂದೆ. ಕೊಟ್ಟೆ. ಗೋಡೆಗೆ ಬಣ್ಣ ಹೊಡೆಸುತ್ತೇನೆ ಎಂದು ನೀನು ಅಂದೆ, ಅದಕ್ಕೂ ನಾನು ಹೂಂ ಅಂದೆ. ಆಮೇಲೆ ನೀನು ಬಣ್ಣದ ಕಾರ್ಡು ತಂದು ಒಂದು ಕಡು ಬೂದು ಬಣ್ಣದ ಮೇಲೆ ಬೆರಳಿಟ್ಟೆ. ನಾನು ನಗೆಯಾಡಿದೆ. ನೀನು ಸಿಟ್ಟಾಗದೆ ಹೇಳಿದ ಮಾತು ನನಗೆ ಈಗಲೂ ನೆನಪಿದೆ: ‘ಹಳದಿ ಗೋಡೆ ಇದ್ರೆ ಅದರ ಬಣ್ಣ ಬೀಜದ ಮೇಲೆ ಬೀಳ್ತದೆ ಮಾವ. ಗೋಡೆ ಸುಮ್ನಿರ್ಬೇಕು, ಬೀಜ ಮಾತ್ರ ಕಾಣ್ಬೇಕು.’ ಪೇಂಟರ್ ಫಯಾಜ್ ಬಂದು ಮೂರು ಗೋಡೆಯ ಹಳೆಯ ಸುಣ್ಣ ಕೆರೆದ, ಪುಟ್ಟಿ ಹಚ್ಚಿದ, ಉಜ್ಜಿದ, ಎರಡೆರಡು ಸಲ ರೋಲರ್ ಎಳೆದ. ನಾಲ್ಕನೆಯದಕ್ಕೆ ಕೈ ಹಚ್ಚುವ ಹೊತ್ತಿಗೆ ನಾನು ಒಳಗೆ ಬಂದು ನೋಡಿದೆ. ಬಚ್ಚಲು ಮನೆಯ ಒಲೆ ಹಿಂದಿನ ಗೋಡೆ ಇರುತ್ತದಲ್ಲ, ಹೊಗೆ ಕುಡಿದು ಕುಡಿದು ಕಂದಾಗಿ, ನನಗೆ ಥೇಟ್ ಅದೇ ಕಂಡಿತು. ಎರಡು ತಲೆಮಾರು ಕೂತ ಜಾಗಕ್ಕೆ ಮಸಿ ಬಳಿಯಬೇಡ ಎಂದು ಫಯಾಜನ ಕೈಯಿಂದ ರೋಲರ್ ಕಿತ್ತುಕೊಂಡು ಅವನನ್ನು ಮೂಡಿಗೆರೆಗೆ ವಾಪಸು ಕಳಿಸಿದೆ. ನಾಲ್ಕನೆಯ ಗೋಡೆ ಹಳೆಯ ಕೆನೆಬಣ್ಣದಲ್ಲೇ ಉಳಿಯಿತು, ಅದಕ್ಕೆ ಎದುರಾಗಿ ಮೇಜು ಹಾಕಿಕೊಂಡು ನೀನು ಕೆಲಸ ಶುರು ಮಾಡಿದೆ.

ಈಗ ಹೊಸ ಕಣ್ಣಿನಲ್ಲಿ ನೋಡಿದರೆ ಅಲ್ಲಿ ಕಂದೂ ಇಲ್ಲ, ಮಸಿಯೂ ಇಲ್ಲ. ತಣ್ಣಗಿನ ಬೂದು, ಒಳಗೊಂದು ನೀಲಿಯ ಛಾಯೆ. ಮಧ್ಯಾಹ್ನದ ಹೊತ್ತಿನಲ್ಲೂ ಒಳಗೆ ಕಾಲಿಟ್ಟರೆ ಕಣ್ಣಿಗೆ ಹಾಯೆನಿಸಿತು. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ, ಅದೇ ಹಳೆಯ ಬಚ್ಚಲು ಗೋಡೆ. ಮತ್ತೆ ಎಡಗಣ್ಣು ಮುಚ್ಚಿದೆ. ಹೀಗೆ ಎಷ್ಟು ಸಲ ಮಾಡಿದೆನೋ, ನಿನ್ನ ಅತ್ತೆ ಬಂದು ಕಣ್ಣಿಗೆ ಏನಾಯಿತೆಂದು ಹೆದರಿ ಕೂಗಿದಳು. ನನ್ನ ಹೆದರಿಕೆ ಬೇರೆ ಇತ್ತು. ಮೇಜಿನ ಮೇಲೆ, ನೀನು ಬಿಟ್ಟುಹೋದ ಜಾಗದಲ್ಲೇ, ಜನವರಿಯ ಬೀಜದ ಸ್ಯಾಂಪಲ್ ಪ್ಯಾಕೆಟ್ಟು ಇತ್ತು. ಅಂಟಿಸಿದ ಬಾಯಿ ಬಿಚ್ಚಿರಲಿಲ್ಲ. ಗೋಡೆಯನ್ನು ತಪ್ಪಾಗಿ ನೋಡಿದವನು ಬೀಜವನ್ನು ಹೇಗೆ ನೋಡಿದ್ದೇನೋ ಎಂಬ ಯೋಚನೆ ಆ ಕ್ಷಣದಲ್ಲೇ ಬಂತು. ನಾಲ್ಕು ದಿನ ಆ ರೂಮಿನ ಕಡೆ ಹೋಗಲಿಲ್ಲ. ಧೂಳು ಕಣ್ಣಿಗೆ ಆಗುವುದಿಲ್ಲ ಎಂದು ಸುಳ್ಳು ಹೇಳಿದೆ.

ಸಂಕ್ರಾಂತಿ ಕಳೆದ ವಾರದ ಆ ಗುರುವಾರವನ್ನು ನೀನು ಮರೆತಿರಲಾರೆ. ಹಬೀಬುರ್ರಹ್ಮಾನ್ ಸಾಹೇಬರು ಕಾಫಿ ನೋಡಲು ಬಂದಿದ್ದರು. ಮೂವತ್ತೆರಡು ವರ್ಷದಿಂದ ಸಿಪ್ಪೆ ಸಮೇತ ಒಣಗಿಸಿದ ನಮ್ಮ ಪಾರ್ಚ್‌ಮೆಂಟ್ ಕೊಳ್ಳುವವರು, ಈ ರುದ್ರಪ್ಪಗೌಡನ ಕಣ್ಣು ದಾಟಿ ಬಂದ ಚೀಲಕ್ಕೆ ಮತ್ತೆ ಸ್ಯಾಂಪಲ್ ತೆಗೆಯುವುದು ಬೇಡ ಎನ್ನುವಷ್ಟು ನಂಬಿದವರು. ನೀನು ಬರೀ ಕೆಂಪು ಹಣ್ಣು ಆರಿಸಿ ಕೊಯ್ಯಿಸಿ, ನೆಲಕ್ಕೆ ತಾಗಿಸದೆ ಬಲೆಯ ಮೇಲೆ ಹರವಿ, ಹದಿನೈದು ದಿನ ನೆರಳು ಬಿಸಿಲು ನೋಡಿಕೊಂಡು ಒಣಗಿಸಿದ ಹದಿನಾಲ್ಕು ಮೂಟೆಯನ್ನು ಬೇರೆಯಾಗಿ ತೋರಿಸಬೇಕೆಂದು ಕಾದಿದ್ದೆ. ಜಗಲಿಯಲ್ಲಿ ಶಶಿ ಇದ್ದ, ತೋಟದ ಆಳು ಬೆಳ್ಳಿಯಪ್ಪ ಇದ್ದ, ನಿನ್ನ ಅತ್ತೆ ಕಾಫಿ ಲೋಟ ಹಿಡಿದು ನಿಂತಿದ್ದಳು. ಬೆಳ್ಳಿಯಪ್ಪ ಸಿಪ್ಪೆ ಬಿಡಿಸಿ ಕೊಟ್ಟ ಬೀಜವನ್ನು ನಾನು ಅಂಗೈ ಮೇಲೆ ಹಾಕಿಕೊಂಡು ನೋಡಿದೆ, ಸಾಹೇಬರಿಗೆ ಹೇಳಿದೆ: ‘ಇದು ಹಳದಿ ತಿರುಗಿದೆ ಸಾಬ್ರೆ. ನಮ್ಮ ಹುಡುಗಿ ಪುಸ್ತಕ ಓದಿ ಒಣಗಿಸಿದ್ದು. ಇದನ್ನ ಬೇರೆ ಅಂತ ತಗೊಂಡ್ರೆ ನನ್ನ ಹೆಸರು ಹೋಗ್ತದೆ, ಎಲ್ಲದರ ಜೊತೆ ಸುರೀರಿ.’ ಸಾಹೇಬರು ನಿನ್ನ ಮುಖ ನೋಡಿದರು. ನೀನು ಒಂದು ಮಾತು ಆಡಲಿಲ್ಲ. ಬೀಜದ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಸುಮ್ಮನಾದಳು ಎಂದರೆ ಒಪ್ಪಿಕೊಂಡಳು ಎಂದೇ ನಾನು ತಿಳಿದೆ. ನಿನ್ನ ಹದಿನಾಲ್ಕು ಮೂಟೆ ಉಳಿದ ಚೀಲಗಳ ಜೊತೆ ಸುರಿದು ಅದೇ ಲಾರಿಗೆ ಏರಿತು. ಹತ್ತು ದಿನದ ಮೇಲೆ ನಿನ್ನ ತಾಯಿಯವರಿಗೆ ಮಂಡಿನೋವು ಬಂತು.

ಐದನೆಯ ದಿನ ಧೈರ್ಯ ಮಾಡಿ ಪ್ಯಾಕೆಟ್ಟು ಬಿಚ್ಚಿದೆ. ನಿನ್ನ ಕಪ್ಪು ತಟ್ಟೆಯಲ್ಲಿ ಬೀಜ ಹರವಿ, ಬೂದು ಗೋಡೆಯ ಕಡೆಗೆ ತಟ್ಟೆ ತಿರುಗಿಸಿ, ಎಡಗಣ್ಣು ಮುಚ್ಚಿಕೊಂಡು ನೋಡಿದೆ. ನಾನು ಇಪ್ಪತ್ತು ವರ್ಷದವನಿದ್ದಾಗ ಅಪ್ಪ ಒಂದು ಹಿಡಿ ಬೀಜ ತೋರಿಸಿ ಇದು ನೋಡು ಬಣ್ಣ ಎಂದಿದ್ದರು, ನೀಲಿ ಬೆರೆತ ಹಸುರು. ಅದೇ ಬಣ್ಣ. ಒಂದೂ ಮಚ್ಚೆಯಿಲ್ಲ, ಒಂದೂ ಸೊಟ್ಟಗಿಲ್ಲ. ಆದರೂ ನನ್ನ ಹಟ ಬಿಡಬೇಕಲ್ಲ, ಡಾಕ್ಟರಮ್ಮ ಸ್ವಲ್ಪ ದಿನ ಎಲ್ಲವೂ ನೀಲಿಯಾಗಿ ಕಾಣಬಹುದು ಅಂದಿದ್ದರು, ಇದೂ ಅದೇ ಇರಬಹುದು ಅಂದುಕೊಂಡೆ. ಬೆಳ್ಳಿಯಪ್ಪನನ್ನು ಕರೆಸಿದೆ. ಎರಡು ವರ್ಷದ ಹಿಂದೆ ಪಾರ್ಚ್‌ಮೆಂಟ್ ಹಳದಿ ಮಾಡಿದ ಎಂದು ನಾನೇ ಅವನನ್ನು ಒಣಗಿಸುವ ಕಣದಿಂದ ತೆಗೆದು ಕಳೆ ಕೆಲಸಕ್ಕೆ ಹಾಕಿದ್ದೆ, ಇಪ್ಪತ್ತು ವರ್ಷ ಕಣ ನೋಡಿಕೊಂಡವನನ್ನು. ತಟ್ಟೆ ತೋರಿಸಿ ಯಾವ ಬಣ್ಣ ಹೇಳು ಅಂದೆ. ಅವನು ತಟ್ಟೆ ನೋಡಲಿಲ್ಲ, ನನ್ನ ಮುಖ ನೋಡಿ, ‘ನೀವು ಹೇಳಿದ್ದೇ ಅಯ್ಯಾ’ ಅಂದ. ನಾನು ಕೇಳ್ತಿರೋದು ನಿನ್ನನ್ನ ಎಂದು ಗದರಿದೆ. ಎರಡು ಬೀಜ ಬೆರಳಲ್ಲಿ ಹೊರಳಿಸಿ, ‘ಅಮ್ಮೋರು ಒಣಗ್ಸಿದ್ದು ಮೊದ್ಲಿಂದ್ಲೂ ನೀಲೀನೇ ಅಯ್ಯಾ’ ಅಂದ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಳು ಬಂತು, ಬರೆಯಲು ನಾಚಿಕೆಯಿಲ್ಲ. ಕಣ್ಣಿಗೆ ನೀರು ತಾಗಬಾರದು ಎಂದು ನಿನ್ನ ಅತ್ತೆ ಅದಕ್ಕೂ ಬೈದಳು.

ಇನ್ನೂ ಒಂದು ಇದೆ. ಮೊನ್ನೆ ಎಡಗಣ್ಣಿನ ದಿನ ಗೊತ್ತು ಮಾಡಿಕೊಳ್ಳಲು ಆಸ್ಪತ್ರೆಯ ಫೈಲು ತೆಗೆದೆ. ಮೊದಲ ಹಾಳೆ ಊರ ಶಾಲೆಯಲ್ಲಿ ನಡೆದ ಕಣ್ಣಿನ ಶಿಬಿರದ ಚೀಟಿ. ಇಷ್ಟು ದಿನ ಅದು ಶಶಿ ಬರೆಸಿದ್ದು ಎಂದುಕೊಂಡಿದ್ದೆ. ಅಕ್ಷರ ನಿನ್ನದು, ಫೋನ್ ನಂಬರೂ ನಿನ್ನದು. ತಾರೀಕು ಜನವರಿ ಇಪ್ಪತ್ತನಾಲ್ಕು, ಅಂದರೆ ನಾನು ಜಗಲಿಯಲ್ಲಿ ಆ ಮಾತಾಡಿದ ಮಾರನೆಯ ದಿನ. ಶಶಿಯನ್ನು ಕೂರಿಸಿಕೊಂಡು ಕೇಳಿದೆ. ನಾನು ಬರೆಸಿದ್ದೆಂದು ಗೊತ್ತಾದರೆ ಮಾವ ಬರುವುದಿಲ್ಲ, ನೀವೇ ಬರೆಸಿದ್ದು ಅನ್ನಿ ಎಂದು ನೀನು ಅವನಿಗೆ ಹೇಳಿದ್ದೆಯಂತೆ. ಆಗ ನನಗೆ ಪೂರ್ತಿ ತಿಳಿಯಿತು. ಆವತ್ತು ಜಗಲಿಯಲ್ಲಿ ಬಾಯಿ ತೆರೆದಿದ್ದರೆ ನಿನ್ನ ಬೀಜ ಉಳಿಯುತ್ತಿತ್ತು, ಆದರೆ ಮಾವನಿಗೆ ಬಣ್ಣ ಕಾಣುವುದಿಲ್ಲ ಎಂದು ಸಾಹೇಬರ ಎದುರಿಗೇ ಹೇಳಿದಂತಾಗುತ್ತಿತ್ತು. ನೀನು ಬೀಜ ಬಿಟ್ಟುಕೊಟ್ಟು ನನ್ನನ್ನು ಉಳಿಸಿದೆ. ನಾನು ಅದಕ್ಕೆ ಪ್ರತಿಯಾಗಿ ಹತ್ತು ದಿನ ನಿನ್ನ ಜೊತೆ ಮುಖ ಗಂಟು ಹಾಕಿಕೊಂಡು ಓಡಾಡಿದೆ.

ಹೋದ ವಾರದ ಸೋಮವಾರ ಶಶಿಯ ಜೀಪಿನಲ್ಲಿ ಮೂಡಿಗೆರೆಗೆ ಹೋಗಿ ನಾಲ್ಕನೆಯ ಗೋಡೆಗೆ ಬಣ್ಣ ತಂದೆವು. ಹಳೆಯ ಡಬ್ಬದ ಮೇಲೆ ಬಣ್ಣ ಸುರಿದು ನಂಬರು ಅಳಿಸಿಹೋಗಿತ್ತು. ಫಯಾಜ್ ಗೋಡೆಯಿಂದ ಬೆರಳುಗುರಿನಷ್ಟು ಚೂರು ಎಬ್ಬಿಸಿ ಕೊಟ್ಟಿದ್ದ, ಅದನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೋದೆ. ಅಂಗಡಿಯವರ ಕಾರ್ಡಿನಲ್ಲಿ ಬೂದು ಬಣ್ಣವೇ ಇಪ್ಪತ್ತು ಥರ ಇದೆ ಮಾರಾಯ್ತಿ! ಒಂದು ಹೊಸ ತಗಡಿನ ಹಾಗೆ, ಒಂದು ಪಾರಿವಾಳದ ಕತ್ತಿನ ಹಾಗೆ, ಒಂದು ಕಾವಲಿಯ ತಳದ ಹಾಗೆ. ನಾನು ಒಂದು ಕಣ್ಣಿಗೆ ಕೈ ಅಡ್ಡ ಹಿಡಿದು ಒಂದೊಂದನ್ನೇ ಚೂರಿನ ಪಕ್ಕ ಇಟ್ಟು ನೋಡುತ್ತಿದ್ದರೆ ಅಂಗಡಿಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಶಶಿಗೆ ನಾಚಿಕೆಯಾಗಿ ಹೊರಗೆ ಹೋಗಿ ನಿಂತ. ಕೊನೆಗೆ ಎರಡರ ನಡುವೆ ಅನುಮಾನ ಉಳಿಯಿತು. ಎರಡರಲ್ಲೂ ಒಂದೊಂದು ಸಣ್ಣ ಡಬ್ಬ ಮಾಡಿಸಿ ತಂದು, ಗೋಡೆಗೆ ಅಂಗೈಯಗಲ ಹಚ್ಚಿ, ಒಂದು ರಾತ್ರಿ ಒಣಗಲು ಬಿಟ್ಟು, ಬೆಳಗಿನ ಬೆಳಕಿನಲ್ಲಿ ನೋಡಿ ನಿರ್ಧಾರ ಮಾಡಿದೆವು. ಕಡು ಬಣ್ಣ ಹೊಡೆಯುವುದು ಸುಲಭವಲ್ಲವಂತೆ. ಗೋಡೆಯ ಸಣ್ಣ ಗುಂಡಿಯೂ ಎದ್ದು ಕಾಣುತ್ತದೆ, ರೋಲರ್ ನಡುವೆ ನಿಲ್ಲಿಸಿದರೆ ಪಟ್ಟೆ ಬೀಳುತ್ತದೆ. ಫಯಾಜ್ ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿಗೆ ಎಳೆದ. ಈ ಸಲ ರೋಲರ್ ಕಿತ್ತುಕೊಳ್ಳಲಿಲ್ಲ ಗೌಡ್ರು ಎಂದು ನಕ್ಕ. ನಾನು ಅವನಿಗೆ ಕಾಫಿ ಕೊಡಿಸಿದೆ.

ಉಳಿದ ಅಲಂಕಾರದಲ್ಲಿ ನನಗೂ ನಿನ್ನ ಅತ್ತೆಗೂ ಎರಡು ದಿನ ಮಾತು ನಿಂತಿತ್ತು. ರೂಮು ಕಪ್ಪಗೆ ಬಿಕೋ ಅನ್ನುತ್ತದೆ ಎಂದು ಅವಳು ತನ್ನ ಹಳೆಯ ಕೆಂಪು ರೇಷ್ಮೆ ಸೀರೆಯಲ್ಲಿ ಕಿಟಕಿಗೆ ಪರದೆ ಹೊಲಿದು ತೂಗುಹಾಕಿದಳು. ಕೆಂಪು ಬೀಜದ ಮೇಲೆ ಬೀಳುತ್ತದೆ ಕಣೇ ಎಂದು ನಾನು ತೆಗೆಸಿದೆ. ಮೂರು ತಿಂಗಳ ಹಿಂದೆ ಇದೇ ಮಾತಿಗೆ ನಗೆಯಾಡಿದವರು ಯಾರು ಎಂದು ಕೇಳಿದಳು. ಕಡೆಗೆ ಬಿಳಿಯ ಕೋರಾ ಬಟ್ಟೆಯಲ್ಲಿ ರಾಜಿಯಾಯಿತು. ದೇವರ ಬಣ್ಣದ ಕ್ಯಾಲೆಂಡರನ್ನು ಜಗಲಿಗೆ ಕಳಿಸಿದ್ದೇವೆ. ಅಪ್ಪನ ಮೇಜಿನ ಕೆಂಪು ಪಾಲಿಷ್ ಉಜ್ಜಿಸಿ ಅದಕ್ಕೂ ಬೂದು ಬಣ್ಣ ಕೊಡಿಸಿದೆ. ಅದನ್ನು ಕಿಟಕಿಯ ಪಕ್ಕ ಹಾಕಿಸಿದ್ದೇನೆ, ನೀನು ಎಡಗೈಯಲ್ಲಿ ಬರೆಯುವವಳಾದ್ದರಿಂದ ಬೆಳಕು ಬಲಗಡೆಯಿಂದ ಬರುವ ಹಾಗೆ. ರುಚಿ ನೋಡುವ ಕಾಫಿ ಕಪ್ಪುಗಳನ್ನು ಇಡಲು ಒಂದು ಉದ್ದನೆಯ ಬಿಳಿ ಹಲಗೆ ಬಡಿಸಿದ್ದೇನೆ. ಸ್ಪ್ರೇಯರ್ ಕೊಟ್ಟಿಗೆಗೆ ಹೋಯಿತು.

ಇನ್ನು ಕೊನೆಯ ವಿಷಯ. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನವರು ರುಚಿ ನೋಡುವ ಕೆಲಸಕ್ಕೆ ನಿನ್ನನ್ನು ಕರೆದಿದ್ದಾರೆ, ಯುಗಾದಿ ಕಳೆದ ಮೇಲೆ ನೀನು ಉತ್ತರ ಕೊಡಬೇಕು ಎಂದು ಶಶಿ ಹೇಳಿದ. ಕವನಾಳನ್ನು ಅಲ್ಲಿಯೇ ಶಾಲೆಗೆ ಸೇರಿಸುವ ಮಾತೂ ಇದೆಯಂತೆ. ರೂಮು ಚಂದ ಮಾಡಿ ನಿನ್ನನ್ನು ಒಲಿಸಿಕೊಳ್ಳಲು ನೋಡುತ್ತಿದ್ದಾನೆ ಮುದುಕ ಎಂದು ತಿಳಿಯಬೇಡ. ನಿನ್ನ ವಿದ್ಯೆಗೆ ಬೆಲೆ ಕೊಟ್ಟು ಕರೆದಿದ್ದಾರೆ, ನಾನು ಕೊಡದಿದ್ದುದನ್ನು ಕೊಟ್ಟಿದ್ದಾರೆ. ಹೋಗಬೇಕೆನಿಸಿದರೆ ಹೋಗು, ನಾನೇ ಬಂದು ಮನೆ ಹುಡುಕಿ ಕೊಡುತ್ತೇನೆ. ಆಗಲೂ ರೂಮಿಗೆ ಗೋಣಿಚೀಲ ವಾಪಸು ಬರುವುದಿಲ್ಲ. ಇಲ್ಲಿಗೇ ಬರುತ್ತೀಯಾದರೆ, ಈ ವರ್ಷದ ಹೂವು ಚೆನ್ನಾಗಿ ಕಚ್ಚಿದೆ. ಮುಂದಿನ ಫಸಲಿನಲ್ಲಿ ಯಾವ ಹಣ್ಣು ಯಾವಾಗ ಕೊಯ್ಯಬೇಕು, ಹೇಗೆ ಒಣಗಿಸಬೇಕು ಎಂಬುದರಲ್ಲಿ ನನ್ನ ಬಾಯಿ ಇರುವುದಿಲ್ಲ. ಬೆಳ್ಳಿಯಪ್ಪನನ್ನು ಕಣಕ್ಕೆ ವಾಪಸು ಹಾಕಿದ್ದೇನೆ. ನೀನು ಬಂದರೆ ನನಗೆ ಸಂತೋಷ, ತುಂಬ ಸಂತೋಷ. ಬರದಿದ್ದರೆ ಅದು ಯಾಕೆ ಎಂದು ನಾನು ಯಾರನ್ನೂ ಕೇಳುವುದಿಲ್ಲ.

ಬೀಗರಿಗೂ ಬೀಗಿತ್ತಿಗೂ ನಮಸ್ಕಾರ ತಿಳಿಸು. ಕವನಾಳಿಗೆ ಅಜ್ಜನ ಒಂದು ಕಣ್ಣು ಹೊಸದಾಗಿದೆ ಎಂದು ಹೇಳು. ಯಾವುದು ಹೊಸದು ಎಂದು ಅವಳೇ ಬಂದು ಹುಡುಕಲಿ. ನಿನಗೆ ಒಳ್ಳೆಯದಾಗಲಿ.

ನಿನ್ನ ಮಾವ,
ರುದ್ರಪ್ಪ

ಮರೆತದ್ದು (ಸೋಮವಾರ ಬೆಳಿಗ್ಗೆ): ಶಶಿ ಪೋಸ್ಟಿಗೆ ಹೊರಟು ಜೀಪಿನಲ್ಲಿ ಕೂತಿದ್ದಾನೆ, ಬೇಗ ಬರೆಯುತ್ತೇನೆ. ಶುಕ್ರವಾರ ಕವರು ಅಂಟಿಸುವ ಮೊದಲು ನಿನ್ನ ಅತ್ತೆ ಕಾಗದ ಓದಿದಳು. ‘ಇಷ್ಟುದ್ದ ಬರ್ದಿದೀರಿ, ಬರೀಬೇಕಾದ ಮಾತೇ ಇಲ್ವಲ್ಲ’ ಅಂದಳು. ಅದಕ್ಕೇ ಎರಡು ದಿನ ಕವರು ಹಾಗೇ ಇಟ್ಟುಕೊಂಡೆ. ಎಲ್ಲರ ಎದುರಿಗೆ ಆಡಿದ ಮಾತನ್ನು ಕಾಗದದಲ್ಲಿ ಗುಟ್ಟಾಗಿ ತಿದ್ದುವುದು ಸರಿಯಲ್ಲ ಅನ್ನಿಸಿತು. ನಿನ್ನೆ ಹಬೀಬ್ ಸಾಹೇಬರನ್ನು ಕರೆಸಿದೆ. ಅದೇ ಜಗಲಿ, ಶಶಿ, ಬೆಳ್ಳಿಯಪ್ಪ, ನಿನ್ನ ಅತ್ತೆ, ಎಲ್ಲರೂ ಇದ್ದರು. ಉಳಿದ ಸ್ಯಾಂಪಲ್ ತಂದು ಅವರ ಮುಂದಿಟ್ಟು, ‘ಆವತ್ತು ಹಳದಿ ಇದ್ದದ್ದು ಬೀಜ ಅಲ್ಲ ಸಾಬ್ರೆ, ನನ್ನ ಕಣ್ಣು’ ಅಂದೆ. ಸಾಹೇಬರು ತಲೆ ತಗ್ಗಿಸಿಕೊಂಡು, ‘ಗೊತ್ತಿತ್ತು ಗೌಡ್ರೆ, ಆವತ್ತೇ ಗೊತ್ತಿತ್ತು. ನಿಮ್ಮೆದುರು ಹೆಂಗೆ ಹೇಳೋದು’ ಅಂದರು. ಶಶಿಯ ಮುಖ ನೋಡಿದೆ, ಅವನಿಗೂ ಗೊತ್ತಿತ್ತು. ನಿನ್ನ ಅತ್ತೆಗೆ ಗೊತ್ತಿತ್ತು. ಬೆಳ್ಳಿಯಪ್ಪನಿಗೆ ಎರಡು ವರ್ಷದಿಂದ ಗೊತ್ತಿತ್ತು. ಇಷ್ಟು ಜನ ಸೇರಿ ನನ್ನ ಮರ್ಯಾದೆ ಕಾಯ್ದರು, ಅದಕ್ಕೆ ನಿನ್ನೊಬ್ಬಳ ವರ್ಷದ ದುಡಿಮೆ ಹೋಯಿತು. ತಪ್ಪಾಯಿತು, ಮೇಘಾ.